ಒಂದು ಯೋಚನೆಯನ್ನು ಬಿಡಿಸಿ ನೋಡುವುದು ಹೇಗೆ? ಫ್ರೇಗೆ, ಮೂರ್, ರಸೆಲ್ ತೋರಿಸಿದ ದಾರಿ

"ರಾಮು ಹಣ್ಣು ತಿಂದ." ಶಾಲೆಯಲ್ಲಿ ಇದರ ಕರ್ತೃ ಯಾವುದು ಅಂತ ಕೇಳಿದರೆ ಎಲ್ಲರೂ ಕೈ ಎತ್ತುತ್ತಿದ್ದೆವು. ರಾಮು ಕರ್ತೃ, ಹಣ್ಣು ಕರ್ಮ, ತಿಂದ ಕ್ರಿಯಾಪದ. ಈಗ ಇನ್ನೊಂದು ವಾಕ್ಯ ತೆಗೆದುಕೊಳ್ಳಿ. "ಯಾರೂ ಹಣ್ಣು ತಿನ್ನಲಿಲ್ಲ." ವ್ಯಾಕರಣದ ಲೆಕ್ಕದಲ್ಲಿ "ಯಾರೂ" ಕರ್ತೃ. ಆದರೆ ಆ ಜಾಗದಲ್ಲಿ ಯಾವ ಮನುಷ್ಯನೂ ನಿಂತಿಲ್ಲ, ಅಲ್ವಾ? ಎರಡು ವಾಕ್ಯಗಳೂ ನೋಡೋಕೆ ಒಂದೇ ಥರ. ಒಳಗಿರುವ ಯೋಚನೆಗಳು ಮಾತ್ರ ಬೇರೆ ಬೇರೆ ಥರ ಕಟ್ಟಿಕೊಂಡಿವೆ.

ಈ ಅಂತರವನ್ನು ಗಂಭೀರವಾಗಿ ತೆಗೆದುಕೊಂಡವರು ಕೆಲವೇ ಜನ. ಜರ್ಮನಿಯ ಯೇನಾದಲ್ಲಿ ಗಣಿತ ಕಲಿಸುತ್ತಿದ್ದ ಗಾಟ್ಲೋಬ್ ಫ್ರೇಗೆ, ಕೇಂಬ್ರಿಡ್ಜಿನ ಜಿ. ಇ. ಮೂರ್ ಮತ್ತು ಬರ್ಟ್ರಂಡ್ ರಸೆಲ್, ಆಮೇಲೆ ವಿಯೆನ್ನಾದಿಂದ ಬಂದ ಲುಡ್ವಿಗ್ ವಿಟ್‌ಗೆನ್‌ಸ್ಟೈನ್. 1879ರಿಂದ 1921ರವರೆಗಿನ ನಲವತ್ತು ಚಿಲ್ಲರೆ ವರ್ಷಗಳಲ್ಲಿ ಇವರು ಮಾಡಿದ ಕೆಲಸದಿಂದಲೇ ವಿಶ್ಲೇಷಣಾತ್ಮಕ ತತ್ವಶಾಸ್ತ್ರ, ಅಂದರೆ ಯೋಚನೆಯನ್ನು ಬಿಡಿಸಿ ನೋಡುವ ತತ್ವಶಾಸ್ತ್ರ, ಹುಟ್ಟಿತು. ಇವರನ್ನು ಓದುವುದು ಕಷ್ಟ ಅಂತ ಎಷ್ಟೋ ಜನ ಎರಡು ಪುಟಕ್ಕೇ ಬಿಟ್ಟುಬಿಡುತ್ತಾರೆ. ಓದುವ ಮೊದಲು ಅವರು ಮಾಡಿದ್ದನ್ನು ನಾವೂ ಮಾಡಿ ನೋಡಬೇಕು ಅನ್ನುವುದು ನನ್ನ ನಂಬಿಕೆ. ಒಂದು ಹಾಳೆ, ಒಂದು ಪೆನ್ಸಿಲ್, ಕೆಲವು ಕನ್ನಡ ವಾಕ್ಯಗಳು ಸಾಕು. ಇಂಗ್ಲಿಷಿನಲ್ಲೋ ಜರ್ಮನ್‌ನಲ್ಲೋ ಮುಚ್ಚಿಹೋಗುವ ಕೆಲವು ಸಂಗತಿಗಳು ಕನ್ನಡದಲ್ಲಿ ಕಣ್ಣಿಗೇ ಕಾಣುತ್ತವೆ. ಅದನ್ನು ಮುಂದೆ ತೋರಿಸುತ್ತೇನೆ.

ಹೆಜ್ಜೆ 1: ಯೋಚನೆಯನ್ನು ತಲೆಯಿಂದ ಹೊರಗೆ ತನ್ನಿ

ಯೋಚನೆ ಅಂದ ಕೂಡಲೇ ನಮಗೆ ತಲೆಯೊಳಗೆ ಓಡುವ ಚಿತ್ರಗಳು, ನೆನಪುಗಳು, ಭಾವನೆಗಳು ಹೊಳೆಯುತ್ತವೆ. ಫ್ರೇಗೆ ಹೇಳುವ ಯೋಚನೆ ಅದಲ್ಲ. 1918ರಲ್ಲಿ ಪ್ರಕಟವಾದ "ಯೋಚನೆ" ಎಂಬ ಲೇಖನದಲ್ಲಿ ಅವನು ಇದನ್ನು ಬಿಡಿಸಿ ಹೇಳಿದ್ದಾನೆ. ನನ್ನ ತಲೆಯ ಚಿತ್ರ ನನ್ನದು, ನಿಮ್ಮದು ನಿಮ್ಮದು. ಆದರೆ ಪೈಥಾಗೊರಸನ ಪ್ರಮೇಯ ನನ್ನದೂ ಅಲ್ಲ, ನಿಮ್ಮದೂ ಅಲ್ಲ. ನಾವಿಬ್ಬರೂ ಅದೊಂದನ್ನೇ ಗ್ರಹಿಸುತ್ತೇವೆ. ಯಾವುದರ ಬಗ್ಗೆ "ಇದು ನಿಜವೇ, ಸುಳ್ಳೇ" ಅಂತ ಕೇಳಬಹುದೋ ಅದು ಯೋಚನೆ.

ಹಾಗಾಗಿ ಮೊದಲ ಕೆಲಸ ಇದು. ವಾಕ್ಯದಲ್ಲಿ ನಿಜ-ಸುಳ್ಳಿಗೆ ಸಂಬಂಧವಿಲ್ಲದ್ದನ್ನು ಪಕ್ಕಕ್ಕಿಡಿ. "ಅವರು ತೀರಿಕೊಂಡರು", "ಅವರು ಸತ್ತರು". ಮೊದಲನೆಯದರಲ್ಲಿ ಗೌರವವಿದೆ, ಎರಡನೆಯದು ಒರಟು. ಆದರೆ ಒಂದು ನಿಜವಾದರೆ ಇನ್ನೊಂದೂ ನಿಜ. ಫ್ರೇಗೆಯ ಪ್ರಕಾರ ಯೋಚನೆ ಒಂದೇ, ಬಣ್ಣ ಬೇರೆ. ಕರ್ತರಿ, ಕರ್ಮಣಿ ಪ್ರಯೋಗದ ವ್ಯತ್ಯಾಸವೂ ಹಾಗೆಯೇ. ಪ್ಲಟಿಯಾದ ಯುದ್ಧದಲ್ಲಿ ಗ್ರೀಕರು ಪರ್ಷಿಯನ್ನರನ್ನು ಸೋಲಿಸಿದರು, ಪರ್ಷಿಯನ್ನರು ಗ್ರೀಕರಿಂದ ಸೋಲಿಸಲ್ಪಟ್ಟರು: ಇದು 1879ರ ಅವನ "ಬೆಗ್ರಿಫ್ಸ್‌ಶ್ರಿಫ್ಟ್" (ಪರಿಕಲ್ಪನೆಗಳ ಲಿಪಿ) ಪುಸ್ತಕದ್ದೇ ಉದಾಹರಣೆ. ತರ್ಕಕ್ಕೆ ಬೇಕಾದ ತಿರುಳು ಎರಡರಲ್ಲೂ ಒಂದೇ ಅನ್ನುತ್ತಾನೆ.

ಇನ್ನು ಕೆಲವು ಕಡೆ ತೆಗೆಯುವ ಬದಲು ಸೇರಿಸಬೇಕು. "ಇವತ್ತು ಮಳೆ ಬಂತು" ಅಂತ ಸೋಮವಾರ ಹೇಳಿದ್ದನ್ನೇ ಮಂಗಳವಾರ ಹೇಳಬೇಕಾದರೆ "ನಿನ್ನೆ ಮಳೆ ಬಂತು" ಅನ್ನಬೇಕು. ಪದ ಬದಲಾಯಿತು, ಯೋಚನೆ ಉಳಿಯಿತು. ಎಲ್ಲಿ, ಯಾವಾಗ ಅನ್ನುವುದನ್ನು ಹಾಳೆಯ ಮೇಲೆ ಬರೆದುಕೊಂಡು ವಾಕ್ಯವನ್ನು ಪೂರ್ತಿ ಮಾಡಿ.

ಎರಡು ವಾಕ್ಯಗಳಲ್ಲಿ ಇರುವುದು ಒಂದೇ ಯೋಚನೆಯೋ ಬೇರೆಯೋ ಅಂತ ಅನುಮಾನ ಬಂದರೆ ಹೀಗೆ ಕೇಳಿ: ಎರಡನ್ನೂ ಸರಿಯಾಗಿ ಅರ್ಥಮಾಡಿಕೊಂಡ ಮನುಷ್ಯ ಒಂದನ್ನು ಒಪ್ಪಿ ಇನ್ನೊಂದನ್ನು ಅನುಮಾನಿಸಬಹುದೇ? ಹೌದಾದರೆ ಯೋಚನೆಗಳು ಎರಡು. ಬೆಳಗಿನ ಚುಕ್ಕಿ, ಸಂಜೆಯ ಚುಕ್ಕಿ ಎರಡೂ ಶುಕ್ರ ಗ್ರಹವೇ. ಆದರೂ ಅದು ಗೊತ್ತಿಲ್ಲದವರು "ಬೆಳಗಿನ ಚುಕ್ಕಿ ಒಂದು ಗ್ರಹ" ಅನ್ನುವುದನ್ನು ಒಪ್ಪಿ "ಸಂಜೆಯ ಚುಕ್ಕಿ ಒಂದು ಗ್ರಹ" ಅನ್ನುವುದನ್ನು ಒಪ್ಪದೇ ಇರಬಹುದು. 1892ರಲ್ಲಿ ಫ್ರೇಗೆ ಪದದ ಅರ್ಥ ಬೇರೆ, ಪದ ಸೂಚಿಸುವ ವಸ್ತು ಬೇರೆ ಅಂತ ಗೆರೆ ಎಳೆದದ್ದು ಇದೇ ಕಾರಣಕ್ಕೆ. ಈ ಗೆರೆಯನ್ನು ನೆನಪಿಟ್ಟುಕೊಳ್ಳಿ. ಐದನೇ ಹೆಜ್ಜೆಯ ಜಗಳವೆಲ್ಲ ಇದರ ಸುತ್ತಲೇ.

ಹೆಜ್ಜೆ 2: ಕರ್ತೃ-ಕರ್ಮ ಮರೆತು, ಖಾಲಿ ಜಾಗ ಮಾಡಿ

ಎರಡು ಸಾವಿರ ವರ್ಷ ಯುರೋಪಿನ ತರ್ಕಶಾಸ್ತ್ರ ಪ್ರತಿ ವಾಕ್ಯವನ್ನೂ ಎರಡು ತುಂಡು ಮಾಡುತ್ತಿತ್ತು. ಯಾವುದರ ಬಗ್ಗೆ ಹೇಳುತ್ತೇವೆ, ಏನು ಹೇಳುತ್ತೇವೆ. ಫ್ರೇಗೆ ಇದನ್ನು ಬಿಟ್ಟು ಗಣಿತದಿಂದ ಬೇರೆ ಚಾಕು ತಂದ. ಅದರ ಹೆಸರು ಫಂಕ್ಷನ್.

ಕೆಲಸ ಸುಲಭ. "ಹೈಡ್ರೋಜನ್ ಕಾರ್ಬನ್ ಡೈಆಕ್ಸೈಡ್‌ಗಿಂತ ಹಗುರ." ಹೈಡ್ರೋಜನ್ ಅಳಿಸಿ ಆ ಜಾಗದಲ್ಲಿ ಆಕ್ಸಿಜನ್ ಹಾಕಿ. ನೈಟ್ರೋಜನ್ ಹಾಕಿ. ಬದಲಾಗದೆ ಉಳಿಯುವುದು "— ಕಾರ್ಬನ್ ಡೈಆಕ್ಸೈಡ್‌ಗಿಂತ ಹಗುರ". ಬದಲಾಗುವ ಭಾಗ ಆರ್ಗ್ಯುಮೆಂಟ್, ಉಳಿಯುವ ಭಾಗ ಫಂಕ್ಷನ್. ಈಗ ಹೈಡ್ರೋಜನ್ ಇಟ್ಟುಕೊಂಡು ಕಾರ್ಬನ್ ಡೈಆಕ್ಸೈಡ್ ಅಳಿಸಿ. "ಹೈಡ್ರೋಜನ್ —ಗಿಂತ ಹಗುರ" ಉಳಿಯಿತು. ಎರಡನ್ನೂ ಅಳಿಸಿದರೆ "— —ಗಿಂತ ಹಗುರ", ಅಂದರೆ ಬರೀ ಸಂಬಂಧ. ಮೂರು ರೀತಿ ಕತ್ತರಿಸಿದೆವು. ಯೋಚನೆ ಮಾತ್ರ ಒಂದೇ.

ಕನ್ನಡದಲ್ಲಿ ಮಾಡುವಾಗ ಒಂದು ಎಚ್ಚರಿಕೆ. ನಮ್ಮ ವಿಭಕ್ತಿ ಪ್ರತ್ಯಯಗಳು ಹೆಸರಿಗೆ ಅಂಟಿಕೊಂಡಿರುತ್ತವೆ. ಹೆಸರನ್ನು ಅಳಿಸುವಾಗ ಪ್ರತ್ಯಯವನ್ನೂ ಅಳಿಸಿಬಿಡಬೇಡಿ. "—ಅನ್ನು", "—ಗಿಂತ", "—ಗೆ" ಖಾಲಿ ಜಾಗದ ಪಕ್ಕದಲ್ಲೇ ಉಳಿಯಲಿ. ಯಾವ ಖಾಲಿ ಜಾಗ ಯಾವ ಪಾತ್ರದ್ದು ಅಂತ ಹೇಳುವುದು ಅದೇ. ಇಂಗ್ಲಿಷಿನಲ್ಲಿ ಈ ಕೆಲಸದ ಬಹುಪಾಲನ್ನು ಪದಗಳ ಸಾಲು ಮಾಡುತ್ತದೆ. ನಮ್ಮಲ್ಲಿ ಪ್ರತ್ಯಯ ಮಾಡುತ್ತದೆ.

ಫ್ರೇಗೆ ಕೊಡುವ ಇನ್ನೊಂದು ಉದಾಹರಣೆ ನನಗೆ ತುಂಬಾ ಇಷ್ಟ. "ಕೇಟೋ ಕೇಟೋನನ್ನು ಕೊಂದ." ಮೊದಲ ಹೆಸರು ಅಳಿಸಿದರೆ ಕೇಟೋನನ್ನು ಕೊಲ್ಲುವುದು. ಎರಡನೆಯದನ್ನು ಅಳಿಸಿದರೆ ಕೇಟೋನಿಂದ ಕೊಲೆಯಾಗುವುದು. ಎರಡೂ ಕಡೆ ಒಟ್ಟಿಗೆ ಅಳಿಸಿ ಒಂದೇ ಹೆಸರು ತುಂಬಬೇಕು ಅಂದರೆ ಆತ್ಮಹತ್ಯೆ. ಆತ್ಮಹತ್ಯೆ ಅನ್ನುವ ಪರಿಕಲ್ಪನೆ ಆ ವಾಕ್ಯದಲ್ಲಿ ಬಿಡಿ ಪದವಾಗಿ ಎಲ್ಲೂ ಇರಲಿಲ್ಲ. ಕತ್ತರಿಸಿದ ಮೇಲೆ ಸಿಕ್ಕಿತು!

ಅದಕ್ಕೇ ಫ್ರೇಗೆ 1919ರ ಒಂದು ಟಿಪ್ಪಣಿಯಲ್ಲಿ ಹೀಗೆ ಬರೆದುಕೊಂಡ: ನಾನು ಪರಿಕಲ್ಪನೆಗಳಿಂದ ಶುರುಮಾಡಿ ಯೋಚನೆ ಕಟ್ಟುವುದಿಲ್ಲ, ಯೋಚನೆಯನ್ನು ಬಿಡಿಸಿ ಅದರ ಭಾಗಗಳನ್ನು ಪಡೆಯುತ್ತೇನೆ. ಇಟ್ಟಿಗೆ ಜೋಡಿಸಿ ಗೋಡೆ ಕಟ್ಟುವ ಕೆಲಸವಲ್ಲ ಇದು. ಮೊದಲು ಇಡೀ ಹಲಸಿನ ಹಣ್ಣು, ಆಮೇಲೆ ತೊಳೆ. ಒಂದೇ ಯೋಚನೆಯನ್ನು ಹಲವು ರೀತಿ ಬಿಡಿಸಬಹುದು, ಅದರಲ್ಲಿ ತಪ್ಪೇನಿಲ್ಲ ಅಂತ ಅವನು ನಂಬಿದ್ದ.

ಹೆಜ್ಜೆ 3: ಎಲ್ಲ, ಕೆಲವು, ಯಾರೂ, ನಾಲ್ಕು

ಈಗ "ಯಾರೂ ಹಣ್ಣು ತಿನ್ನಲಿಲ್ಲ" ಅನ್ನುವ ಸಮಸ್ಯೆಗೆ ಬರೋಣ. "— ಹಣ್ಣು ತಿಂದ" ಅನ್ನುವ ಖಾಲಿ ಜಾಗದ ತುಂಡು ನಮ್ಮ ಹತ್ತಿರ ಇದೆ. ಆ ವಾಕ್ಯ ಹೇಳುವುದು ಇಷ್ಟೇ: ಖಾಲಿ ಜಾಗಕ್ಕೆ ಯಾರ ಹೆಸರು ಹಾಕಿದರೂ ಸುಳ್ಳೇ ಬರುತ್ತದೆ. "ಯಾರೂ" ಯಾರನ್ನೂ ಸೂಚಿಸುತ್ತಿಲ್ಲ. ಅದು ಇಡೀ ತುಂಡಿನ ಬಗ್ಗೆ ಮಾತಾಡುತ್ತದೆ. "ಎಲ್ಲ ತಿಮಿಂಗಿಲಗಳೂ ಸಸ್ತನಿಗಳು" ಅನ್ನುವುದೂ ಹಾಗೆಯೇ. ಇದು ಯಾವುದೋ ಒಂದು ತಿಮಿಂಗಿಲದ ವಿಷಯವಲ್ಲ. ಯಾವುದನ್ನೇ ತೆಗೆದುಕೊಳ್ಳಿ, ಅದು ತಿಮಿಂಗಿಲವಾಗಿದ್ದರೆ ಸಸ್ತನಿಯೂ ಹೌದು, ಅಷ್ಟೇ.

ಇದರ ಬಲ ಗೊತ್ತಾಗಬೇಕಾದರೆ ಈ ವಾಕ್ಯ ನೋಡಿ. "ಪ್ರತಿ ಮಗುವಿಗೂ ಒಬ್ಬ ಟೀಚರ್ ಅಂದ್ರೆ ಇಷ್ಟ." ಒಬ್ಬರೇ ಟೀಚರ್ ಎಲ್ಲ ಮಕ್ಕಳಿಗೂ ಇಷ್ಟವೇ? ಅಥವಾ ಒಂದೊಂದು ಮಗುವಿಗೆ ಒಬ್ಬೊಬ್ಬರೇ? ವಾಕ್ಯ ಒಂದು, ಯೋಚನೆ ಎರಡು. "ಪ್ರತಿ" ಮೊದಲು ಬಂದು "ಒಬ್ಬ" ಆಮೇಲೆ ಬಂದರೆ ಒಂದು ಯೋಚನೆ, ತಿರುಗುಮುರುಗಾದರೆ ಇನ್ನೊಂದು. ಹಾಳೆಯ ಮೇಲೆ ಎರಡನ್ನೂ ಬಿಡಿಸಿ ಬರೆಯಿರಿ. ಎರಡೇ ತುಂಡು ಮಾಡುವ ಹಳೆಯ ಕತ್ತರಿಯಿಂದ ಇದನ್ನು ಕತ್ತರಿಸಲು ಆಗುತ್ತಿರಲಿಲ್ಲ.

ಸಂಖ್ಯೆಯ ವಿಷಯಕ್ಕೆ ಬನ್ನಿ. 1884ರ ಪುಸ್ತಕದಲ್ಲಿ ಫ್ರೇಗೆ "ಗುರುಗ್ರಹಕ್ಕೆ ನಾಲ್ಕು ಚಂದ್ರರು" ಅನ್ನುವ ಮಾತನ್ನು ತೆಗೆದುಕೊಂಡ. ಒಂದೊಂದು ಚಂದ್ರನೂ ದುಂಡಗಿರಬಹುದು. ಆದರೆ ಒಂದೊಂದು ಚಂದ್ರನೂ "ನಾಲ್ಕು" ಆಗಿರುವುದಿಲ್ಲ. ಹಾಗಾದರೆ ನಾಲ್ಕು ಅನ್ನುವುದು ಯಾವುದರ ಬಗ್ಗೆ? "— ಗುರುಗ್ರಹದ ಚಂದ್ರ" ಅನ್ನುವ ಪರಿಕಲ್ಪನೆಯ ಬಗ್ಗೆ. ಅದರ ಕೆಳಗೆ ಬರುವವು ನಾಲ್ಕು. "ಶುಕ್ರಕ್ಕೆ ಚಂದ್ರನಿಲ್ಲ" ಅಂದರೆ "— ಶುಕ್ರದ ಚಂದ್ರ" ಅನ್ನುವುದರ ಕೆಳಗೆ ಏನೂ ಬರುವುದಿಲ್ಲ. ಇಲ್ಲದ ಚಂದ್ರನನ್ನು ಎಲ್ಲಿಂದಲೋ ಹಿಡಿದು ತಂದು ಅದರ ಬಗ್ಗೆ ಮಾತಾಡುವ ಕಷ್ಟ ನಮಗಿಲ್ಲ. ಅಂದ ಹಾಗೆ, ಗುರುವಿನ ಐದನೇ ಚಂದ್ರ 1892ರಲ್ಲಿ ಕಂಡಿತು. ಫ್ರೇಗೆ ಆರಿಸಿಕೊಂಡ ವಾಕ್ಯ ಸುಳ್ಳಾಯಿತು. ಆದರೆ ಅವನು ಅದನ್ನು ಬಿಡಿಸಿದ ರೀತಿಗೆ ಏನೂ ಆಗಲಿಲ್ಲ. ವಿಶ್ಲೇಷಣೆ ಯೋಚನೆಯನ್ನು ಬಿಡಿಸುತ್ತದೆ. ಅದು ನಿಜವೋ ಸುಳ್ಳೋ ನೋಡುವುದು ದೂರದರ್ಶಕದ ಕೆಲಸ.

ಹೆಜ್ಜೆ 4: ಅಲ್ಲ, ಇಲ್ಲ, ಮತ್ತು ಫ್ರಾನ್ಸಿನ ರಾಜ

ಇಂಗ್ಲಿಷಿನ "ಈಸ್" ಭಯಂಕರ ಗೊಂದಲದ ಪದ ಅಂತ ರಸೆಲ್ 1903ರಲ್ಲೇ ಬರೆದ. ಅದೊಂದೇ ಪದ ಮೂರು ಕೆಲಸ ಮಾಡುತ್ತದೆ. ಕನ್ನಡದಲ್ಲಿ ನೋಡಿ. "ಶುಕ್ರ ಒಂದು ಗ್ರಹ": ಇಲ್ಲಿ ಯಾವ ಕ್ರಿಯಾಪದವೂ ಬೇಕಿಲ್ಲ. "ಬೆಳಗಿನ ಚುಕ್ಕಿ ಸಂಜೆಯ ಚುಕ್ಕಿಯೇ": ಒಂದು "ಏ" ಬಂದು ಕೂತಿತು. "ಮೊಲ ಇದೆ": ಇದು ಇರವಿನ ಮಾತು. ಇನ್ನು ನಿರಾಕರಣೆಗೆ ನಮ್ಮಲ್ಲಿ ಎರಡು ಪದ. "ಇದು ಮೊಲ ಅಲ್ಲ", "ಮೊಲ ಇಲ್ಲ". ಮಗುವೂ ಇವೆರಡನ್ನು ಗೊಂದಲ ಮಾಡಿಕೊಳ್ಳುವುದಿಲ್ಲ. ಹಾಗಂತ ಪೂರ್ತಿ ನೆಚ್ಚಿಕೊಳ್ಳುವಂತಿಲ್ಲ. "ತಿನ್ನಲಿಲ್ಲ", "ಬತ್ತಿಲ್ಲ" ಅನ್ನುವಾಗ ಅದೇ "ಇಲ್ಲ" ಕ್ರಿಯೆಯನ್ನೂ ನಿರಾಕರಿಸುತ್ತದೆ.

1905ರಲ್ಲಿ ರಸೆಲ್ "ಮೈಂಡ್" ಪತ್ರಿಕೆಯಲ್ಲಿ ಒಂದು ಲೇಖನ ಬರೆದ. ಅದರ ಪ್ರಸಿದ್ಧ ವಾಕ್ಯ: "ಫ್ರಾನ್ಸಿನ ಈಗಿನ ರಾಜ ಬೋಳ." ಆಗ ಫ್ರಾನ್ಸ್ ಗಣರಾಜ್ಯ, ರಾಜನೇ ಇಲ್ಲ. ಬೋಳಾದವರ ಪಟ್ಟಿ ನೋಡಿ, ಅವನಿಲ್ಲ. ಬೋಳಲ್ಲದವರ ಪಟ್ಟಿ ನೋಡಿ, ಅಲ್ಲೂ ಇಲ್ಲ. ಹಾಗಾದರೆ ಈ ಮಾತು ನಿಜವೋ ಸುಳ್ಳೋ? ರಸೆಲ್ ಅದನ್ನು ಹೀಗೆ ಬಿಡಿಸಿದ. ಒಂದು, ಈಗ ಫ್ರಾನ್ಸಿನ ರಾಜನಾಗಿರುವವನು ಕಡೇಪಕ್ಷ ಒಬ್ಬನಾದರೂ ಇದ್ದಾನೆ. ಎರಡು, ಒಬ್ಬನಿಗಿಂತ ಜಾಸ್ತಿ ಇಲ್ಲ. ಮೂರು, ಯಾರು ಹಾಗಿದ್ದಾನೋ ಅವನು ಬೋಳ. ಮೊದಲನೆಯದೇ ಸುಳ್ಳು, ಆದ್ದರಿಂದ ಇಡೀ ಮಾತು ಸುಳ್ಳು.

"ಬೋಳನಲ್ಲ" ಅಂದರೆ? ಈಗ ಎರಡು ದಾರಿ. ರಾಜನೊಬ್ಬನಿದ್ದಾನೆ, ಅವನು ಬೋಳನಲ್ಲ: ಇದೂ ಸುಳ್ಳು. "ಅವನು ಬೋಳ" ಅನ್ನುವ ಇಡೀ ಮಾತೇ ಸರಿಯಲ್ಲ: ಇದು ನಿಜ. ಬಿಡಿಸಿದ ಮೇಲೆ "ಫ್ರಾನ್ಸಿನ ಈಗಿನ ರಾಜ" ಅನ್ನುವ ತುಂಡು ಎಲ್ಲೂ ಉಳಿದಿಲ್ಲ, ಗಮನಿಸಿ. ವಾಕ್ಯದಲ್ಲಿ ಹೆಸರಿನ ಹಾಗೆ ಕೂತಿದ್ದದ್ದು ಯೋಚನೆಯಲ್ಲಿ ಕರಗಿಹೋಯಿತು. ಕೇಂಬ್ರಿಡ್ಜಿನ ತತ್ವಶಾಸ್ತ್ರಜ್ಞ ಫ್ರಾಂಕ್ ರಾಮ್ಸೆ ಇದನ್ನು ತತ್ವಶಾಸ್ತ್ರದ ಕೆಲಸಕ್ಕೇ ಮಾದರಿ ಅಂತ ಕರೆದ. ನನಗೂ ಹಾಗೇ ಅನ್ನಿಸುತ್ತದೆ.

ಇಲ್ಲಿ ಕನ್ನಡದವರಿಗೆ ಸ್ವಲ್ಪ ಜಾಸ್ತಿ ಕೆಲಸ. ಇಂಗ್ಲಿಷಿನಲ್ಲಿ "ದ" ಇದ್ದರೆ ಒಬ್ಬನೇ ಅನ್ನುವ ಸುಳಿವು ಸಿಗುತ್ತದೆ. ನಮ್ಮಲ್ಲಿ ಅಂಥ ಪದವಿಲ್ಲ. "ಡಾಕ್ಟರ್ ಬಂದರು" ಅಂದಾಗ ಒಬ್ಬ ನಿರ್ದಿಷ್ಟ ಡಾಕ್ಟರೋ, ಯಾರೋ ಒಬ್ಬ ಡಾಕ್ಟರೋ ಅನ್ನುವುದನ್ನು ಸಂದರ್ಭವೇ ಹೇಳಬೇಕು. ಆದ್ದರಿಂದ ರಸೆಲ್‌ನ ಎರಡನೇ ತುಂಡು, ಅಂದರೆ ಒಬ್ಬನಿಗಿಂತ ಜಾಸ್ತಿ ಇಲ್ಲ ಅನ್ನುವುದು, ಬೇಕೋ ಬೇಡವೋ ಅಂತ ಪ್ರತಿ ಸಲ ಕೇಳಿಕೊಂಡೇ ಬರೆಯಿರಿ.

ಹೆಜ್ಜೆ 5: ತುಂಡುಗಳು ಏನು ಅಂತ ಕೇಳಿ

ಇಲ್ಲಿಯವರೆಗೆ ಎಲ್ಲಿ ಕತ್ತರಿಸಬೇಕು ಅಂತ ನೋಡಿದೆವು. ಕತ್ತರಿಸಿದಾಗ ಕೈಗೆ ಬರುವುದು ಏನು? ಇಲ್ಲಿ ಇವರೆಲ್ಲ ಬೇರೆ ಬೇರೆ ದಾರಿ ಹಿಡಿದರು.

1904ರ ನವೆಂಬರ್‌ನಲ್ಲಿ ಫ್ರೇಗೆ ರಸೆಲ್‌ಗೆ ಒಂದು ಪತ್ರ ಬರೆದ. ಮೌಂಟ್ ಬ್ಲಾಂಕ್ 4000 ಮೀಟರಿಗಿಂತ ಎತ್ತರ ಅನ್ನುವ ಯೋಚನೆಯಲ್ಲಿ ಹಿಮದ ಬಯಲುಗಳ ಸಮೇತ ಆ ಬೆಟ್ಟವೇ ಒಂದು ಭಾಗವಾಗಿ ಇರುವುದಿಲ್ಲ ಅಂದ. ಇರುವುದು ಆ ಹೆಸರಿನ ಅರ್ಥ. ಡಿಸೆಂಬರ್‌ನಲ್ಲಿ ರಸೆಲ್ ಉತ್ತರ ಬರೆದ. ಅಷ್ಟೆಲ್ಲ ಹಿಮವಿದ್ದರೂ ನಾವು ಹೇಳುವ ಸಂಗತಿಯಲ್ಲಿ ಬೆಟ್ಟವೇ ಒಂದು ಭಾಗ ಅಂದ. ಇಲ್ಲದಿದ್ದರೆ ನಮಗೆ ಬೆಟ್ಟದ ಬಗ್ಗೆ ಏನೂ ಗೊತ್ತಿಲ್ಲ ಅಂತಾಗುತ್ತದೆ ಅನ್ನುವುದು ಅವನ ಚಿಂತೆ.

ರಸೆಲ್‌ನ ಈ ಹಠದ ಹಿಂದೆ ಮೂರ್ ಇದ್ದ. 1899ರಲ್ಲೇ ಮೂರ್ ಹೇಳಿದ್ದ: ನಾವು ತೀರ್ಪು ಕೊಡುವಾಗ ಎದುರಿಗಿರುವುದು ನಮ್ಮ ಮನಸ್ಸಿನ ತುಂಡುಗಳಲ್ಲ, ಮನಸ್ಸಿನ ಹಂಗಿಲ್ಲದ ಪರಿಕಲ್ಪನೆಗಳು. ಯೋಚನೆಯ ವಿಷಯ ಅವುಗಳ ಜೋಡಣೆ. ಅಂದರೆ ಮೂರ್ ಮತ್ತು ಆಗಿನ ರಸೆಲ್‌ಗೆ ವಿಶ್ಲೇಷಣೆ ಅಂದರೆ ಲೋಕದ್ದೇ ತುಂಡುಗಳನ್ನು ಬೇರ್ಪಡಿಸುವುದು.

ಯಾರು ಸರಿ? ನಿಮ್ಮ ಹಾಳೆಯಲ್ಲಿ ಎರಡನ್ನೂ ಪರೀಕ್ಷಿಸಿ. ತುಂಡುಗಳು ವಸ್ತುಗಳೇ ಆಗಿದ್ದರೆ ಬೆಳಗಿನ ಚುಕ್ಕಿ, ಸಂಜೆಯ ಚುಕ್ಕಿಯ ಯೋಚನೆಗಳು ಒಂದೇ ಆಗಿಬಿಡುತ್ತವೆ. ರಸೆಲ್ ಇದನ್ನು ನಾಲ್ಕನೇ ಹೆಜ್ಜೆಯ ಉಪಾಯದಿಂದ ದಾಟಿದ. ಅವು ನಿಜವಾದ ಹೆಸರುಗಳಲ್ಲ, ವರ್ಣನೆಗಳು. ಬಿಡಿಸಿದಾಗ ಬೇರೆ ಬೇರೆಯಾಗಿ ಬಿಡಿಸಿಕೊಳ್ಳುತ್ತವೆ. ನಮಗೆ ಅರ್ಥವಾಗುವ ಪ್ರತಿ ಮಾತೂ ನಾವು ನೇರವಾಗಿ ಬಲ್ಲ ತುಂಡುಗಳಿಂದಲೇ ಆಗಿರಬೇಕು ಅನ್ನುವುದು ಅವನ ನಿಯಮವಾಯಿತು.

ಇನ್ನೊಂದು ಕಷ್ಟ ಇನ್ನೂ ಆಳದ್ದು. "ಎ ಬಿಗಿಂತ ಬೇರೆ" ಅನ್ನುವುದನ್ನು ಬಿಡಿಸಿದರೆ ಎ, ಬೇರೆತನ, ಬಿ ಸಿಗುತ್ತವೆ. ಮೂರನ್ನೂ ಸಾಲಾಗಿ ಇಟ್ಟರೆ ಅದು ಸಾಮಾನಿನ ಪಟ್ಟಿ, ಯೋಚನೆಯಲ್ಲ. 1903ರಲ್ಲಿ ರಸೆಲ್ ಇದನ್ನು ನೋಡಿದ, ಪರಿಹಾರ ಸಿಗಲಿಲ್ಲ. ಫ್ರೇಗೆಗೆ ಇಲ್ಲಿ ಅನುಕೂಲವಿತ್ತು. ಅವನ ತುಂಡುಗಳಲ್ಲಿ ಒಂದರಲ್ಲಾದರೂ ಖಾಲಿ ಜಾಗ ಇರುತ್ತದೆ. ಹೆಸರು ಬಂದು ಆ ಜಾಗ ತುಂಬಿದಾಗ ಅಂಟು ಬೇಕಾಗುವುದಿಲ್ಲ.

ಸುಳ್ಳು ನಂಬಿಕೆಯಲ್ಲಿ ಈ ಕಷ್ಟ ಜೋರಾಗುತ್ತದೆ. ಶೇಕ್ಸ್‌ಪಿಯರ್‌ನ ನಾಟಕದಲ್ಲಿ ತನ್ನ ಹೆಂಡತಿ ಡೆಸ್ಡೆಮೋನ ಕ್ಯಾಸಿಯೋನನ್ನು ಪ್ರೀತಿಸುತ್ತಾಳೆ ಅಂತ ಒಥೆಲೋ ನಂಬುತ್ತಾನೆ. ಆ ಪ್ರೀತಿ ಇಲ್ಲವೇ ಇಲ್ಲ. ಹಾಗಾದರೆ ಒಥೆಲೋನ ಎದುರು ಏನಿದೆ? 1912ರ ಪುಸ್ತಕದಲ್ಲಿ ರಸೆಲ್ ಹೇಳಿದ: ಒಂದು ಇಡಿಯಾದ ವಸ್ತು ಇಲ್ಲ. ನಂಬಿಕೆ ಅನ್ನುವ ಸಂಬಂಧ ಒಥೆಲೋ, ಡೆಸ್ಡೆಮೋನ, ಪ್ರೀತಿ, ಕ್ಯಾಸಿಯೋ ನಾಲ್ಕನ್ನೂ ಒಟ್ಟಿಗೆ ಕಟ್ಟುತ್ತದೆ. 1913ರಲ್ಲಿ ಅವನ ವಿದ್ಯಾರ್ಥಿ ವಿಟ್‌ಗೆನ್‌ಸ್ಟೈನ್ ಇದನ್ನು ತಡೆದ. ಹಾಗಾದರೆ "ಈ ಮೇಜು ಪುಸ್ತಕವನ್ನು ಪೆನ್ನುಗೂಡಿಸುತ್ತದೆ" ಅಂತಲೂ ನಂಬಬಹುದೇ? ಬರೀ ತುಂಡುಗಳನ್ನು ಕಟ್ಟಿದರೆ ಅರ್ಥವಿಲ್ಲದ್ದೂ ನಂಬಿಕೆಯಾಗಿಬಿಡುತ್ತದಲ್ಲ. ರಸೆಲ್ ಬರೆಯುತ್ತಿದ್ದ ದೊಡ್ಡ ಪುಸ್ತಕವನ್ನು ಅರ್ಧಕ್ಕೇ ನಿಲ್ಲಿಸಿದ. ಅದು ಪೂರ್ತಿಯಾಗಿ ಅಚ್ಚಾದದ್ದು ಅವನು ತೀರಿಕೊಂಡ ಮೇಲೆ, 1984ರಲ್ಲಿ.

ವಿಟ್‌ಗೆನ್‌ಸ್ಟೈನ್‌ನ ಉತ್ತರ 1921ರ "ಟ್ರಾಕ್ಟಾಟಸ್"ನಲ್ಲಿದೆ. ಯೋಚನೆ ಒಂದು ಚಿತ್ರ. ಅದರ ತುಂಡುಗಳು ಹೇಗೆ ಜೋಡಿಸಿಕೊಂಡಿವೆ ಅನ್ನುವುದೇ ವಸ್ತುಗಳು ಹೀಗಿವೆ ಅಂತ ತೋರಿಸುತ್ತದೆ. ಭಾಷೆ ಯೋಚನೆಗೆ ಬಟ್ಟೆ ತೊಡಿಸಿ ಅದರ ಆಕಾರವನ್ನು ಮರೆಮಾಡುತ್ತದೆ ಅಂದವನೂ ಅವನೇ. ಯೋಚನೆಯ ತುಂಡುಗಳು ಯಾವುವು ಅಂತ ರಸೆಲ್ ಕೇಳಿದಾಗ, ಇಟಲಿಯ ಕಸಿನೋ ಊರಿನ ಯುದ್ಧಕೈದಿ ಶಿಬಿರದಿಂದ 1919ರ ಆಗಸ್ಟ್‌ನಲ್ಲಿ ಬಂದ ಉತ್ತರ ಪ್ರಾಮಾಣಿಕವಾಗಿತ್ತು: ಅವು ಪದಗಳ ಕೆಲಸ ಮಾಡುವ ಮಾನಸಿಕ ತುಂಡುಗಳು, ಏನು ಅಂತ ನನಗೆ ಗೊತ್ತಿಲ್ಲ.

ಹೆಜ್ಜೆ 6: ಎಲ್ಲಿ ನಿಲ್ಲಿಸಬೇಕು

ಕುದುರೆಯನ್ನು ಬಿಡಿಸಬಹುದು, ಅದಕ್ಕೆ ಕಾಲು, ತಲೆ, ಹೃದಯ ಇವೆ. ಹಳದಿಯನ್ನು ಬಿಡಿಸಲು ಆಗುವುದಿಲ್ಲ. 1903ರಲ್ಲಿ ಮೂರ್ "ಒಳ್ಳೆಯದು" ಅನ್ನುವುದೂ ಹಳದಿಯಂತೆ ಸರಳ ಅಂದ. ಅವನ ಪರೀಕ್ಷೆ ಉಪಯೋಗಕ್ಕೆ ಬರುತ್ತದೆ. "ಒಳ್ಳೆಯದು ಅಂದರೆ ಸಂತೋಷ ಕೊಡುವುದು" ಅಂತ ಯಾರಾದರೂ ಹೇಳಿದರೆ, "ಸಂತೋಷ ಕೊಡುವುದು ಒಳ್ಳೆಯದೇ?" ಅಂತ ತಿರುಗಿ ಕೇಳಿ. ಪ್ರಶ್ನೆಗೆ ಇನ್ನೂ ಜೀವ ಇದ್ದರೆ ಬಿಡಿಸಿದ್ದು ಸರಿಯಾಗಿಲ್ಲ.

ಆದರೆ ಈ ಪರೀಕ್ಷೆಯನ್ನು ಕುರುಡಾಗಿ ಹಚ್ಚಬೇಡಿ. ಅಣ್ಣ ಅಂದರೆ ನನಗಿಂತ ಮೊದಲು ಹುಟ್ಟಿದ ಗಂಡು ಒಡಹುಟ್ಟು. ಇದು ಸರಿಯಾಗಿದ್ದರೆ ಎರಡರ ಯೋಚನೆಯೂ ಒಂದೇ. ಒಂದೇ ಆಗಿದ್ದರೆ ನಾವು ಹೊಸದಾಗಿ ಏನು ಕಲಿತಂತಾಯಿತು? 1942ರಲ್ಲಿ ಅಮೆರಿಕದ ತತ್ವಶಾಸ್ತ್ರಜ್ಞ ಸಿ. ಎಚ್. ಲ್ಯಾಂಗ್‌ಫರ್ಡ್ ಇದೇ ಒಗಟನ್ನು ಮೂರ್ ಮುಂದಿಟ್ಟ. ತನಗೆ ಇದಕ್ಕೆ ಸ್ಪಷ್ಟ ಉತ್ತರವಿಲ್ಲ ಅಂತ ಮೂರ್ ಒಪ್ಪಿಕೊಂಡ. ವಿಟ್‌ಗೆನ್‌ಸ್ಟೈನ್ ಪ್ರತಿ ಮಾತಿಗೂ ಒಂದೇ ಒಂದು ಪೂರ್ತಿ ವಿಶ್ಲೇಷಣೆ ಇದೆ ಅಂದ, ಆದರೆ ಅದರ ಕೊನೆಯ ಸರಳ ವಸ್ತುಗಳಿಗೆ ಟ್ರಾಕ್ಟಾಟಸ್‌ನಲ್ಲಿ ಒಂದು ಉದಾಹರಣೆಯನ್ನೂ ಕೊಡಲಿಲ್ಲ. ನನ್ನ ಸಲಹೆ ಫ್ರೇಗೆಯ ಕಡೆಗಿದೆ. ನಿಮ್ಮ ಪ್ರಶ್ನೆ ಬಗೆಹರಿಯುವಷ್ಟು ಬಿಡಿಸಿ, ಅಲ್ಲಿಗೆ ನಿಲ್ಲಿಸಿ.

ಹೆಜ್ಜೆ 7: ಒಂದು ವಾಕ್ಯವನ್ನು ಪೂರ್ತಿ ಬಿಡಿಸೋಣ

"ಊರಿನ ಹಳೇ ಬಾವಿ ಬತ್ತಿಲ್ಲ ಅಂತ ಅಜ್ಜಿ ನಂಬಿದ್ದಾಳೆ."

ಮೊದಲು ಯಾವ ಊರು, ಯಾವ ವರ್ಷ ಅಂತ ಬರೆದುಕೊಳ್ಳಿ. ಆಮೇಲೆ ಖಾಲಿ ಜಾಗ: "— ಊರಿನ ಹಳೇ ಬಾವಿ", "— ಬತ್ತಿದೆ". "ಊರಿನ ಹಳೇ ಬಾವಿ" ಹೆಸರಲ್ಲ, ವರ್ಣನೆ. ಊರಿಗೆಲ್ಲ ಹಳೇ ಬಾವಿ ಅಂದರೆ ಗೊತ್ತಿರುವುದು ಒಂದೇ, ಆದ್ದರಿಂದ ಎರಡನೇ ತುಂಡೂ ಬೇಕು. ಅಂಥದ್ದು ಒಂದಾದರೂ ಇದೆ, ಒಂದಕ್ಕಿಂತ ಜಾಸ್ತಿ ಇಲ್ಲ, ಅದು ಬತ್ತಿಲ್ಲ.

ಈಗ ನಂಬಿಕೆ. ಬಾವಿಯ ತುಂಡುಗಳನ್ನು ನಂಬಿಕೆಯ ಒಳಗೆ ಇಡುವುದೋ, ಹೊರಗೆ ಇಡುವುದೋ? ಹೊರಗೆ ಇಟ್ಟರೆ: ಹಳೇ ಬಾವಿ ಅಂತ ಒಂದೇ ಒಂದು ನಿಜವಾಗಿಯೂ ಇದೆ; ಅದರ ಬಗ್ಗೆ ಅಜ್ಜಿ ನಂಬಿರುವುದು, ಅದು ಬತ್ತಿಲ್ಲ ಅಂತ. ಒಳಗೆ ಇಟ್ಟರೆ: ಹಳೇ ಬಾವಿ ಅಂತ ಒಂದೇ ಒಂದು ಇದೆ, ಅದು ಬತ್ತಿಲ್ಲ, ಇಷ್ಟನ್ನೂ ಅಜ್ಜಿ ನಂಬಿದ್ದಾಳೆ. ಊರವರು ಹತ್ತು ವರ್ಷದ ಹಿಂದೆಯೇ ಬಾವಿಯನ್ನು ಮಣ್ಣು ತುಂಬಿ ಮುಚ್ಚಿ ಮೇಲೆ ಬಸ್ ನಿಲ್ದಾಣ ಕಟ್ಟಿದ್ದಾರೆ ಅಂದುಕೊಳ್ಳಿ. ಯಾರೂ ಅಜ್ಜಿಗೆ ಹೇಳಿಲ್ಲ. ಹೊರಗಿನ ಓದಿನಲ್ಲಿ ನಮ್ಮ ವಾಕ್ಯ ಸುಳ್ಳು, ಯಾಕೆಂದರೆ ಅಂಥ ಬಾವಿ ಈಗ ಇಲ್ಲ. ಒಳಗಿನ ಓದಿನಲ್ಲಿ ನಿಜ. ಅಜ್ಜಿಯ ನಂಬಿಕೆ ಸುಳ್ಳಾಗಿದ್ದರೂ, ಅವಳು ಹಾಗೆ ನಂಬಿದ್ದಾಳೆ ಅನ್ನುವ ನಮ್ಮ ಮಾತು ನಿಜ.